ಪರದೆ ಮೇಲೆ ಕೇಯಾಸ್ ಕಂಡರೆ ಮೊದಲು ಕೋಡ್ ಮೇಲೆ ಅನುಮಾನ ಪಡಿ

ಏಪ್ರಿಲ್ ಕೊನೆಯಲ್ಲಿ ಕಲಬುರಗಿಯ ಮಧ್ಯಾಹ್ನ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಸಂಜೆ ಆರು ದಾಟಿದ ಮೇಲೇ ಎಂ.ಎಸ್ಸಿ ಹುಡುಗರು ಲ್ಯಾಪ್‌ಟಾಪ್ ಬಗಲಲ್ಲಿ ಇಟ್ಟುಕೊಂಡು ನಮ್ಮನೆಗೆ ಬರುತ್ತಾರೆ. ಶಹಾಬಾದ್ ಕಲ್ಲಿನ ನೆಲದ ಮೇಲೆ ಕೂತು ಕೆಲಸ ಶುರು. ಪ್ರಾಜೆಕ್ಟ್ ಕೊಡುವ ದಿನ ಹತ್ತಿರ ಬಂದಹಾಗೆ ಬರುವವರೂ ಜಾಸ್ತಿ.

ಈ ವರ್ಷ ಮೊದಲು ಬಂದವನು ಆಳಂದ ಕಡೆಯ ಹುಡುಗ. ಚಪ್ಪಲಿ ಬಿಡುತ್ತಲೇ, "ಸರ, ಕೇಯಾಸ್ ಬಂದದ ನೋಡ್ರಿ!" ಅಂದ.

"ಯಾವ ಸಮೀಕರಣಪಾ?"

"ಕೆಡಿವಿ ರೀ."

ಕೇಯಾಸ್ ಅಂದರೆ ಶುರುವಿನ ಕೂದಲೆಳೆ ವ್ಯತ್ಯಾಸವೂ ಬೇಗ ಬೆಳೆದು ಮುಂದಿನದನ್ನು ಊಹಿಸಲಾಗದಂತೆ ಮಾಡುವ ಗೊಂದಲ. ನನಗೆ ನಗು ಬಂತು. ನಾನ್‌ಲೀನಿಯರ್ ಪಿಡಿಇಗಳ (ಜಾಗ, ಸಮಯ ಎರಡರ ಜೊತೆಗೂ ಬದಲಾಗುವ ಅಲೆಯಂಥವುಗಳ ಸಮೀಕರಣಗಳ) ಪೈಕಿ ಅತಿ ಶಿಸ್ತಿನದು ಯಾವುದು ಅಂತ ಕೇಳಿದರೆ ನಾನು ಹೇಳೋದು ಕೋರ್ಟೆವೆಗ್–ಡಿ ವ್ರೀಸ್, ಅಂದರೆ ಈ ಕೆಡಿವಿ, ಆಳವಿಲ್ಲದ ನೀರಿನ ಅಲೆಯ ಸಮೀಕರಣ. ಇವನು ಅಂಥದ್ದರಲ್ಲಿ ಕೇಯಾಸ್ ಹುಡುಕಿ ತಂದಿದ್ದ. ಇಂಥ ಸಂಜೆಗಳಲ್ಲಿ ನಾನು ಮೊದಲು ಏನು ನೋಡುತ್ತೇನೆ, ಆಮೇಲೆ ಏನು ನೋಡುತ್ತೇನೆ ಅನ್ನೋದನ್ನ ಇಲ್ಲಿ ಬರೆದಿದ್ದೇನೆ. ಪರದೆಯ ಮೇಲೆ ಗೊಂದಲ ಕಂಡರೆ ಅದು ಸಮೀಕರಣದ್ದಾ, ಕೋಡ್‌ದಾ ಅಂತ ಬೇರೆ ಮಾಡೋದೇ ಇಲ್ಲಿಯ ಕೆಲಸ. ನನ್ನ ಕ್ರಮದಲ್ಲಿ ಕೇಯಾಸ್ ಅನ್ನೋದು ಕೊನೆಯ ಅನುಮಾನ. ಅದಕ್ಕೂ ಮುಂಚೆ ಹೊರಗೆ ಹಾಕಬೇಕಾದವು ಬಹಳ ಇವೆ.

ಕೋಡ್ ತೆರೆಯೋದಕ್ಕೆ ಮುಂಚೆ

ಸಮೀಕರಣದ ಸ್ವಭಾವ ಏನು ಅಂತ ಮೊದಲು ಕೇಳಿಕೊಳ್ಳಿ. ನಮ್ಮ ಹುಡುಗರ ಕೈಗೆ ಸಿಗೋದು ಸಾಮಾನ್ಯವಾಗಿ ಮೂರು.

ಕೆಡಿವಿ ಶಿಸ್ತಿನದು. 1965ರಲ್ಲಿ ಝಬುಸ್ಕಿ ಮತ್ತು ಕ್ರಸ್ಕಲ್ ಇದನ್ನು ಕಂಪ್ಯೂಟರ್‌ನಲ್ಲಿ ಓಡಿಸಿದರು. ಒಂದು ಕೊಸೈನ್ ಅಲೆ ಕಡಿದಾಗಿ, ಒಡೆದು, ಎಂಟು ಗುಡ್ಡಗಳ ಸಾಲಾಯಿತು. ಆ ಗುಡ್ಡಗಳು ಒಂದನ್ನೊಂದು ಹಾದು ಹೋಗಿಯೂ ತಮ್ಮ ಆಕಾರ ಬಿಡಲಿಲ್ಲ. ಸಾಲಿಟಾನ್ ಅನ್ನೋ ಹೆಸರು ಬಂದದ್ದು ಆಗಲೇ. ಅವರು ಅಲ್ಲಿಗೆ ಬಂದದ್ದು ಒಂದು ಹಳೆಯ ಒಗಟಿನ ದಾರಿಯಲ್ಲಿ. ಫರ್ಮಿ, ಪಾಸ್ತಾ, ಉಲಾಮ್ 1955ರ ವರದಿಯಲ್ಲಿ ಸ್ಪ್ರಿಂಗ್‌ಗಳ ಸರಪಳಿಯ ಲೆಕ್ಕ ಕೊಟ್ಟಿದ್ದರು. ಆ ಪ್ರೋಗ್ರಾಮ್ ಬರೆದವರು ಮೇರಿ ಸಿಂಗೂ. ಶಕ್ತಿ ಎಲ್ಲ ಕಡೆ ಹರಡಿಹೋಗುತ್ತದೆ ಅಂತ ಕಾಯುತ್ತಿದ್ದವರಿಗೆ ಅದು ತಿರುಗಿ ಹೆಚ್ಚುಕಮ್ಮಿ ಮೊದಲಿನ ಜಾಗಕ್ಕೇ ಬಂದು ನಿಂತದ್ದು ಕಂಡಿತು. ಅವರು ಗೊಂದಲ ನಿರೀಕ್ಷಿಸಿದ್ದರು, ಸಿಕ್ಕಿದ್ದು ಶಿಸ್ತು. ನಮ್ಮ ಹುಡುಗನದು ಉಲ್ಟಾ ಕೇಸ್.

ಎರಡನೆಯದು ನಾನ್‌ಲೀನಿಯರ್ ಶ್ರೋಡಿಂಗರ್. ಇದೂ ಶಿಸ್ತಿನದೇ, ಆದರೆ ಅಂಚಿನ ಮೇಲೆ ನಡೆಯುವ ಜಾತಿ. ಇದರ ಕಥೆ ಕೆಳಗೆ ಉದ್ದವಾಗಿ ಬರುತ್ತದೆ.

ಮೂರನೆಯದು ಕುರಾಮೊಟೊ–ಸಿವಶಿನ್‌ಸ್ಕಿ. ನಾವೆಲ್ಲ ಕೆಎಸ್ ಅಂತೀವಿ. 1970ರ ದಶಕದಲ್ಲಿ ಕುರಾಮೊಟೊ ರಾಸಾಯನಿಕ ಕ್ರಿಯೆಗಳ ಕಡೆಯಿಂದ ಬಂದರು, ಸಿವಶಿನ್‌ಸ್ಕಿ ಬೆಂಕಿಯ ಜ್ವಾಲೆಯ ಅಂಚಿನ ಕಡೆಯಿಂದ. ಇದರಲ್ಲಿ ಕೇಯಾಸ್ ನಿಜಕ್ಕೂ ಇದೆ. ಎರಡನೇ ಡೆರಿವೇಟಿವ್ ಅಲೆಯನ್ನು ಉಬ್ಬಿಸುತ್ತದೆ, ನಾಲ್ಕನೆಯದು ಅಡಗಿಸುತ್ತದೆ, ನಾನ್‌ಲೀನಿಯರ್ ಪದ ಶಕ್ತಿಯನ್ನು ದೊಡ್ಡ ಅಲೆಯಿಂದ ಸಣ್ಣದಕ್ಕೆ ದಾಟಿಸುತ್ತದೆ. ಅತಿ ಬೇಗ ಬೆಳೆಯುವ ಅಲೆಯ ಉದ್ದ ಸುಮಾರು 8.89.

ಕೆಎಸ್‌ನಲ್ಲಿ ಗೊಂದಲ ಕಂಡರೆ ಸರಿ ಇರಬಹುದು. ಕೆಡಿವಿಯಲ್ಲಿ ಕಂಡರೆ ಕೋಡ್ ಕೆಟ್ಟಿದೆ ಅಂತಲೇ ಹಿಡಿದು ಶುರು ಮಾಡಿ.

ಹಲ್ಲುಗಳನ್ನು ಎಣಿಸಿ

ಆಳಂದದ ಹುಡುಗನ ಚಿತ್ರದಲ್ಲಿ ಅಲೆಯ ಮೇಲೆಲ್ಲ ಗರಗಸದ ಹಲ್ಲುಗಳಿದ್ದವು. ಪ್ಲಾಟ್ ಹಿಗ್ಗಿಸಿ, ಗ್ರಿಡ್ ಬಿಂದುಗಳನ್ನು, ಅಂದರೆ ಕೋಡ್ ಲೆಕ್ಕ ಮಾಡುವ ಜಾಗಗಳನ್ನು, ಚುಕ್ಕೆ ಹಾಕಿ ತೋರಿಸು ಅಂದೆ. ಎಣಿಸಿದ. ಮೂರು ಬಿಂದುವಿಗೆ ಒಂದು ಹಲ್ಲು. ಉದ್ದಕ್ಕೂ ಹಾಗೇ.

ಅಲ್ಲಿಗೆ ಕೇಸ್ ಮುಗಿಯಿತು. ನಿಜವಾದ ಅಲೆಗೆ ನೀವು ಹಾಕಿದ ಗ್ರಿಡ್ ಗೊತ್ತೇ ಇರಲ್ಲ. ಹಲ್ಲಿನ ಅಗಲ ಗ್ರಿಡ್ ಲೆಕ್ಕದಲ್ಲಿ ಸರಿಯಾಗಿ ಕೂತರೆ ಅದನ್ನು ಹುಟ್ಟಿಸಿದ್ದು ಗ್ರಿಡ್. ಬಿಂದುಗಳನ್ನು ದುಪ್ಪಟ್ಟು ಮಾಡಿ ನೋಡಿ, ಹಲ್ಲೂ ಅರ್ಧ ಆಗುತ್ತದೆ.

ಅವನು ಝಬುಸ್ಕಿ–ಕ್ರಸ್ಕಲ್ ಬಳಸಿದ್ದ ಲೀಪ್‌ಫ್ರಾಗ್ ವಿಧಾನವನ್ನೇ (ಹಿಂದಿನ ಎರಡು ಸ್ಟೆಪ್‌ಗಳಿಂದ ಮುಂದಿನದು) ಬರೆದಿದ್ದ. ಉದ್ದ 2, ಬಿಂದುಗಳು 256, ಮೂರನೇ ಡೆರಿವೇಟಿವ್ ಪದದ ಬಲ ಹೇಳುವ ಡೆಲ್ಟಾ 0.022, ಎಲ್ಲ ಸರಿ. ಟೈಮ್ ಸ್ಟೆಪ್ (ಲೆಕ್ಕ ಒಂದು ಸಲಕ್ಕೆ ಮುಂದೆ ಹೋಗುವ ಸಮಯ) ಮಾತ್ರ 0.001 ಇಟ್ಟಿದ್ದ. ಮೂರನೇ ಡೆರಿವೇಟಿವ್ ಇದ್ದಲ್ಲಿ ಸ್ಟೆಪ್ ಗ್ರಿಡ್ ಅಂತರದ ಘನಕ್ಕೆ ಕಟ್ಟುಬೀಳುತ್ತದೆ. ಈ ವಿಧಾನದಲ್ಲಿ ಅಂತರದ ಘನವನ್ನು ಡೆಲ್ಟಾದ ವರ್ಗದಿಂದ ಭಾಗಿಸಿ 0.385ರಿಂದ ಗುಣಿಸಿದರೆ ಮಿತಿ ಸಿಗುತ್ತದೆ. ಇಲ್ಲಿ ಅದು 0.00038. ಮೀರಿದರೆ ಮೊದಲು ಕುಣಿಯೋದೇ ಮೂರು ಬಿಂದು ಅಗಲದ ಅಲೆ. ಅದಕ್ಕೇ ಆ ಹಲ್ಲು.

ಇನ್ನೊಂದು ಸುಳಿವೂ ಇತ್ತು. ಅವನ ಲೆಕ್ಕ ನೂರು ಸ್ಟೆಪ್ ದಾಟೋದರೊಳಗೇ ಸಂಖ್ಯೆ ಬಿಟ್ಟು 'ನ್ಯಾನ್' ಅಂತ ಉಗುಳಲು ಶುರು ಮಾಡಿತ್ತು. ಇವನು ಅದಕ್ಕೆ ಸ್ವಲ್ಪ ಮುಂಚಿನ ಚಿತ್ರ ಹಿಡಿದು ತಂದಿದ್ದ. ಈ ಉದಾಹರಣೆಯಲ್ಲಿ ಕೊಸೈನ್ ಅಲೆ ಕಡಿದಾಗಲಿಕ್ಕೇ 0.318 ಸಮಯ ಬೇಕು. ಅದರ ಮೂರನೇ ಒಂದು ಭಾಗವೂ ಆಗಿಲ್ಲ, ಅಷ್ಟರಲ್ಲಿ ಕೇಯಾಸ್ ಎಲ್ಲಿಂದ ಬರಬೇಕು? ನೆನಪಿಡಿ, ಕೇಯಾಸ್ ಎಷ್ಟೇ ಕುಣಿದರೂ ಒಂದು ಮಿತಿಯೊಳಗೇ ಕುಣಿಯುತ್ತದೆ. ಮಿತಿ ಮೀರಿ ಹಾರಿಹೋದರೆ ಅದು ಸ್ಫೋಟ. ಎರಡೂ ಬೇರೆ ರೋಗ.

ಸ್ಟೆಪ್ 0.0002 ಮಾಡಿದ. ಎಂಟು ಗುಡ್ಡ ಬಂದವು. ಬಿಂದುಗಳನ್ನು 512 ಮಾಡಬೇಕೆಂದರೆ ಮಿತಿ ಎಂಟು ಪಟ್ಟು ಇಳಿದು 0.000047ಕ್ಕೆ ಬರುತ್ತದೆ, ಅದನ್ನೂ ಬರೆದುಕೋ ಅಂದೆ. ಬರೆದುಕೊಂಡ. ಮುಖ ಮಾತ್ರ ಸಪ್ಪೆ. ಕೇಯಾಸ್ ಸಿಕ್ಕಿದೆ ಅಂತ ಗೈಡ್‌ಗೆ ಆಗಲೇ ವಾಟ್ಸ್‌ಆ್ಯಪ್ ಮಾಡಿಬಿಟ್ಟಿದ್ದನಂತೆ.

ಕ್ಯಾಲ್ಕುಲೇಟರ್‌ನಲ್ಲೇ ಸುಳ್ಳು ಕೇಯಾಸ್

ಹಾರಿಹೋಗದೆ, ಮಿತಿಯೊಳಗೇ ಇದ್ದು, ನೋಡಲು ಥೇಟ್ ಕೇಯಾಸ್ ತರಹ ಕಾಣುವ ಸುಳ್ಳೂ ಇದೆ. ನನಗೆ ಹೆಚ್ಚು ಭಯ ಇದರದ್ದು. ಇದನ್ನು ಕೈಯಾರೆ ಮಾಡಿ ನೋಡದೆ ಯಾರೂ ನಂಬಲ್ಲ. ಹಾಗಾಗಿ ಎಲ್ಲರಿಗೂ ಒಂದು ಕ್ಯಾಲ್ಕುಲೇಟರ್ ಕೊಟ್ಟು ಈ ಲೆಕ್ಕ ಮಾಡಿಸುತ್ತೇನೆ.

ಬೆಳವಣಿಗೆಯ ಸರಳ ಸಮೀಕರಣ ತಗೊಳ್ಳಿ. ಬದಲಾವಣೆಯ ವೇಗ ಅಂದರೆ ಯು ಗುಣಿಸು (1 ಮೈನಸ್ ಯು). ಫಿಶರ್ ಸಮೀಕರಣದಲ್ಲಿ ಹರಡುವ ಪದ ತೆಗೆದರೆ ಉಳಿಯೋದು ಇದೇ. ಇದರಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ. 0.1ರಿಂದ ಹೊರಟದ್ದು ಮೆಲ್ಲಗೆ ಏರಿ 1ಕ್ಕೆ ಹೋಗಿ ಕೂರುತ್ತದೆ, ಅಷ್ಟೇ.

ಆಯ್ಲರ್ ವಿಧಾನದಲ್ಲಿ (ಈಗಿನ ಬೆಲೆಗೆ ವೇಗ ಗುಣಿಸು ಸ್ಟೆಪ್ ಕೂಡಿಸೋದು) ಸ್ಟೆಪ್ 0.5 ಇಡಿ. 0.145, 0.207, 0.289, 0.392, ಹೀಗೆ ಏರುತ್ತದೆ. ಸರಿ ಇದೆ.

ಸ್ಟೆಪ್ 2.3 ಮಾಡಿ. ಸ್ವಲ್ಪ ಹೊತ್ತಾದ ಮೇಲೆ 0.688, 1.182, 0.688, 1.182. ಗಡಿಯಾರದ ಲೋಲಕದ ಹಾಗೆ ಅತ್ತ ಇತ್ತ. ಸಮೀಕರಣದಲ್ಲಿ ಇಂಥ ಓಲಾಟ ಇಲ್ಲವೇ ಇಲ್ಲ.

ಈಗ 2.7. ಮತ್ತೆ 0.1ರಿಂದಲೇ ಶುರು: 0.343, 0.951, 1.076, 0.855, 1.190, 0.580, 1.238, 0.444. ಮುಂದೂ ಹೀಗೇ. ಒಂದು ಗತಿ ಇಲ್ಲ, ಒಂದು ತಾಳ ಇಲ್ಲ. ಆದರೆ ಎಲ್ಲೂ ಹಾರಿಹೋಗಲ್ಲ. ಲಯಪುನೋವ್ ಎಕ್ಸ್‌ಪೋನೆಂಟ್ (ಸಣ್ಣ ವ್ಯತ್ಯಾಸ ಎಷ್ಟು ಬೇಗ ಬೆಳೆಯುತ್ತದೆ ಅನ್ನೋ ಅಳತೆ, ಪಾಸಿಟಿವ್ ಅಂದರೆ ಬೆಳೆಯುತ್ತದೆ) ಲೆಕ್ಕ ಹಾಕಿದರೆ ಅದೂ ಪಾಸಿಟಿವ್ ಬರುತ್ತದೆ. ಸ್ಟೆಪ್ ದೊಡ್ಡದಾಗಿ, ಆಯ್ಲರ್ ಸೂತ್ರ ಒಳಗೊಳಗೇ ಲಾಜಿಸ್ಟಿಕ್ ಮ್ಯಾಪ್ (ಕೇಯಾಸ್‌ಗೆ ಹೆಸರಾದ ಒಂದು ಜಿಗಿತದ ಸೂತ್ರ) ಆಗಿ ಬದಲಾಗಿಬಿಟ್ಟಿದೆ. ಇಲ್ಲಿ ಕಾಣುವ ಕೇಯಾಸ್ ಆ ಮ್ಯಾಪ್‌ದು, ಸಮೀಕರಣದ್ದಲ್ಲ.

ಸೇಡಂನ ಹುಡುಗಿಯೊಬ್ಬಳು ಈ ಎಂಟು ಸಂಖ್ಯೆಗಳನ್ನು ಹಾಳೆಯಲ್ಲಿ ಬರೆದು, ಒಂದು ನಿಮಿಷ ಸುಮ್ನೆ ನೋಡಿ, "ಹಂಗಾದ್ರ ಎಕ್ಸ್‌ಪೋನೆಂಟ್ ಪಾಸಿಟಿವ್ ಅಂತ ಬರದ್ರ ಅದು ಪ್ರೂಫ್ ಅಲ್ಲೇನ್ರೀ ಸರ?" ಅಂದಳು. ಅಲ್ಲವೇ ಅಲ್ಲ. ನಿಮ್ಮ ಕೋಡ್‌ನಲ್ಲಿ ಕೇಯಾಸ್ ಇದೆ ಅನ್ನೋದಕ್ಕಷ್ಟೇ ಅದು ಪ್ರೂಫ್.

ಪರೀಕ್ಷೆ ಸರಳ. ಸ್ಟೆಪ್ ಅರ್ಧ ಮಾಡಿ, ಕಾಲು ಮಾಡಿ, ಮತ್ತೆ ಓಡಿಸಿ. ಗೊಂದಲ ಕರಗಿಹೋದರೆ ಅದು ನಿಮ್ಮದು. ಉಳಿದರೆ ಮುಂದಿನ ಹೆಜ್ಜೆಗೆ ಬನ್ನಿ.

ಕರೆಂಟ್ ಹೋಗಿ ಬಂದ ಮೇಲೆ ಉತ್ತರ ಬೇರೆ

ಇದು ನಮ್ಮ ಕಡೆಯ ಖಾಸ್ ದೋಷ. ಅದೇ ಸೇಡಂ ಹುಡುಗಿ ಕೆಎಸ್ ಸಮೀಕರಣ ಓಡಿಸುತ್ತಿದ್ದಳು. ಉದ್ದ 22, ಬಿಂದುಗಳು 64. ಬ್ಯಾಟರಿ ಮುದುಕಾದ ಲ್ಯಾಪ್‌ಟಾಪ್, ಪ್ಲಗ್ ಕಿತ್ತರೆ ಎರಡು ನಿಮಿಷ. ಲೆಕ್ಕದೊಳಗಿನ ಸಮಯ 1000ದ ತನಕ ಹೋಗಿತ್ತು, ಕರೆಂಟ್ ಹೋಯ್ತು. ಜಾಣೆ, ಪ್ರತಿ 100ಕ್ಕೆ ಒಂದು ಟೆಕ್ಸ್ಟ್ ಫೈಲ್ ಬರೆದಿಟ್ಟಿದ್ದಳು. 900ರ ಫೈಲ್ ಓದಿಸಿ ಮತ್ತೆ ಶುರು ಮಾಡಿದಳು. ಹಳೆಯ ಓಟದ ಚಿತ್ರ 1000ದ ತನಕ ಇತ್ತು, ಅಲ್ಲಿವರೆಗೆ ಕಣ್ಣಿಗೆ ಎರಡೂ ಒಂದೇ. ಆಮೇಲೆ ತನ್ನದೇ ಲ್ಯಾಪ್‌ಟಾಪ್‌ನಲ್ಲಿ ಅದೇ ಕೋಡ್ ನಿಲ್ಲಿಸದೆ 1300ರ ತನಕ ಓಡಿಸಿ ಹೋಲಿಸಿದರೆ, 1100ರ ಆಸುಪಾಸಿನಿಂದ ಎರಡೂ ಬೇರೆ ಬೇರೆ ದಾರಿ.

ಫೈಲ್ ತೆರೆಸಿದೆ. ದಶಮಾಂಶದ ನಂತರ ನಾಲ್ಕೇ ಅಂಕಿ.

ಇದೇ ಘಟನೆ 1961ರಲ್ಲಿ ಎಡ್ವರ್ಡ್ ಲೊರೆಂಜ್ ಅವರಿಗೂ ಆಗಿತ್ತು. ಹವಾಮಾನದ ಲೆಕ್ಕವನ್ನು ನಡುವಿನಿಂದ ಮತ್ತೆ ಶುರು ಮಾಡಲು 0.506127 ಬದಲು ಪ್ರಿಂಟ್‌ನಲ್ಲಿದ್ದ 0.506 ಕೊಟ್ಟರು. ಉತ್ತರ ಎಲ್ಲಿಗೋ ಹೋಯಿತು. ಆಮೇಲೆ ಅದು 1963ರ ಪ್ರಸಿದ್ಧ ಪ್ರಬಂಧದ ತನಕ ಹೋಯಿತು. ನಮ್ಮ ಹುಡುಗಿಗೆ ಜೆಸ್ಕಾಂ ಕೃಪೆಯಿಂದ ಅದೇ ಪಾಠ ಪುಕ್ಕಟೆ ಸಿಕ್ಕಿತು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಯಾಕೆಂದರೆ ಈ ಲೆಕ್ಕವೇ ಮುಂದಿನ ಎಲ್ಲ ಜಗಳ ಬಿಡಿಸುತ್ತದೆ. ಉದ್ದ 22ರ ಕೆಎಸ್‌ಗೆ ದೊಡ್ಡ ಲಯಪುನೋವ್ ಎಕ್ಸ್‌ಪೋನೆಂಟ್ ಸುಮಾರು 0.048. ಅಂದರೆ ಸಣ್ಣ ತಪ್ಪು ಪ್ರತಿ 21 ಸಮಯಕ್ಕೆ 2.7 ಪಟ್ಟು ಬೆಳೆಯುತ್ತದೆ. ನಾಲ್ಕು ಅಂಕಿಗೆ ಕತ್ತರಿಸಿದರೆ ತಪ್ಪು 0.00005ರಷ್ಟು. ಅದು ಬೆಳೆದು 1 ಆಗಲು ಇಪ್ಪತ್ತು ಸಾವಿರ ಪಟ್ಟು ಬೇಕು. ಇಪ್ಪತ್ತು ಸಾವಿರದ ನೈಸರ್ಗಿಕ ಲಾಗ್ 9.9. ಅದನ್ನು 0.048ರಿಂದ ಭಾಗಿಸಿದರೆ 206. 900ಕ್ಕೆ 206 ಕೂಡಿಸಿ. 1100ರ ಆಸುಪಾಸು ಅಂದಳಲ್ವಾ? ಸರಿಯಾಗಿ ಕೂತಿತು.

ಇದೇ ಲೆಕ್ಕ ಡಬಲ್ ಪ್ರಿಸಿಶನ್‌ಗೆ ಮಾಡಿ. ಅದರ ನಿಖರತೆ ಹದಿನಾರು ಅಂಕಿ. ಕೊನೆಯ ಅಂಕಿಯ ತಪ್ಪು ದೊಡ್ಡದಾಗಲು ಸುಮಾರು 770 ಸಮಯ ಬೇಕು. ಸಿಂಗಲ್ ಪ್ರಿಸಿಶನ್ ಏಳು ಅಂಕಿಗೆ 336. ಆದ್ದರಿಂದ ಎರಡು ಕಂಪ್ಯೂಟರ್‌ಗಳ ಉತ್ತರ 800 ದಾಟಿದ ಮೇಲೆ ಬೇರೆಯಾದರೆ ತಲೆ ಕೆಡಿಸಿಕೊಳ್ಳಬೇಡಿ. 50ರಲ್ಲೇ ಬೇರೆಯಾದರೆ ಕೋಡ್‌ನಲ್ಲಿ ಹುಳ ಇದೆ. 336ರ ಹತ್ತಿರ ಬೇರೆಯಾದರೆ ಎಲ್ಲೋ ಒಂದು ಅರೇ ಗೊತ್ತಿಲ್ಲದೆ ಸಿಂಗಲ್ ಪ್ರಿಸಿಶನ್‌ಗೆ ಇಳಿದಿದೆ ಅಂತ ಅನುಮಾನ ಪಡಿ. ನಾನು ಎರಡು ಸಲ ಹೀಗೇ ಹಿಡಿದಿದ್ದೇನೆ. ಬೇರೆಯಾದ ಸಮಯವೇ ತಪ್ಪಿನ ಗಾತ್ರ ಹೇಳುತ್ತದೆ.

ಕೊನೆಯ ಅಂಕಿ ಯಾಕೆ ಬೇರೆಯಾಗಬೇಕು, ಎರಡೂ ಕಂಪ್ಯೂಟರೇ ಅಲ್ವಾ ಅಂತ ಕೇಳುತ್ತಾರೆ. ಪೈಥಾನ್ ತೆರೆದು 0.1, 0.2, 0.3 ಕೂಡಿಸಿ. ಮೊದಲೆರಡನ್ನು ಮೊದಲು ಕೂಡಿಸಿದರೆ 0.6000000000000001. ಕೊನೆಯೆರಡನ್ನು ಮೊದಲು ಕೂಡಿಸಿದರೆ 0.6. ಬೇರೆ ಬೇರೆ ಪ್ರೊಸೆಸರ್, ಬೇರೆ ಲೈಬ್ರರಿ, ಬೇರೆ ಥ್ರೆಡ್ ಸಂಖ್ಯೆ ಅಂದರೆ ಕೂಡಿಸುವ ಕ್ರಮ ಬೇರೆ. ಅಷ್ಟು ಸಾಕು. ಒಂದೇ ಯಂತ್ರದಲ್ಲಿ, ಒಂದೇ ಥ್ರೆಡ್‌ನಲ್ಲಿ ಎರಡು ಸಲ ಓಡಿಸಿ ಬೇರೆ ಬಂದರೆ ಮಾತ್ರ ನೆಪ ಹೇಳಬೇಡಿ. ರ‍್ಯಾಂಡಮ್ ಸೀಡ್ ಕಟ್ಟಿಲ್ಲ, ಇಲ್ಲಾ ಖಾಲಿ ಅರೇಗೆ ಬೆಲೆ ತುಂಬದೆ ಬಳಸಿದ್ದೀರಿ.

ಬೇಸಿಗೆಯ ಶಾಖಕ್ಕೆ ಉತ್ತರ ಕೆಡುತ್ತದೆ ಅಂತ ಹೇಳುವವರೂ ಇದ್ದಾರೆ. ಕಾದ ಪ್ರೊಸೆಸರ್ ತನ್ನ ವೇಗ ಇಳಿಸಿಕೊಳ್ಳುತ್ತದೆ, ಓಟ ನಿಧಾನ ಆಗುತ್ತದೆ. ಅಂಕಿ ಬದಲಾಗಲ್ಲ. ಪಾಪ, ಬಿಸಿಲಿನ ಮೇಲೆ ಯಾಕೆ ಹಾಕ್ತೀರಿ?

ಪರಿಹಾರ: ಫೈಲನ್ನು ಬೈನರಿಯಲ್ಲಿ ಬರೆಯಿರಿ. ಟೆಕ್ಸ್ಟೇ ಬೇಕಂದರೆ 17 ಅಂಕಿ ಬರೆಯಿರಿ, ಆಗ ಡಬಲ್ ಪ್ರಿಸಿಶನ್ ಸಂಖ್ಯೆ ಹೋದ ಹಾಗೇ ವಾಪಸ್ ಬರುತ್ತದೆ. ಲೀಪ್‌ಫ್ರಾಗ್ ತರಹದ ವಿಧಾನಕ್ಕೆ ಹಿಂದಿನ ಸ್ಟೆಪ್ ಕೂಡ ಬೇಕು, ಎರಡನ್ನೂ ಉಳಿಸಿ.

ಚೇಳಿನ ಬಾಲ

ಟ್ಯೂಬ್‌ಲೈಟ್ ಕೆಳಗೆ ತಿರುಗುವ ಫ್ಯಾನ್ ಒಮ್ಮೊಮ್ಮೆ ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತಲ್ಲ, ಗ್ರಿಡ್ ಮೇಲೂ ಹಾಗೇ. ಬಿಂದುಗಳು 128 ಇದ್ದರೆ ಗ್ರಿಡ್ ಗುರುತಿಸಬಲ್ಲ ಅತಿ ಸಣ್ಣ ಅಲೆ 64ನೆಯದು. ನಾನ್‌ಲೀನಿಯರ್ ಪದದಲ್ಲಿ 50ನೇ ಅಲೆಯನ್ನು ಅದರಿಂದಲೇ ಗುಣಿಸಿದರೆ 100ನೆಯದು ಹುಟ್ಟುತ್ತದೆ. ಗ್ರಿಡ್‌ಗೆ 100 ಕಾಣಲ್ಲ. ಅದು 100ರಿಂದ 128 ಕಳೆದು, ಉಳಿದ 28ರ ಹೆಸರಲ್ಲಿ ಒಳಗೆ ಬಂದು ಕೂರುತ್ತದೆ. ಅತಿ ಸಣ್ಣ ಅಲೆಯ ಶಕ್ತಿ ದೊಡ್ಡ ಅಲೆಯ ಮನೆಗೆ ಹೋಯಿತು. ಇದೇ ಏಲಿಯಾಸಿಂಗ್.

ಪತ್ತೆ ಹಚ್ಚಲು ಸ್ಪೆಕ್ಟ್ರಮ್ ಅನ್ನು, ಅಂದರೆ ಯಾವ ಅಲೆಯಲ್ಲಿ ಎಷ್ಟು ಶಕ್ತಿ ಅನ್ನೋ ಚಿತ್ರವನ್ನು, ಲಾಗ್ ಸ್ಕೇಲ್‌ನಲ್ಲಿ ಹಾಕಿ. ಆರೋಗ್ಯವಂತ ಸ್ಪೆಕ್ಟ್ರಮ್ ಬಲಕ್ಕೆ ಹೋದಹಾಗೆ ಇಳಿಯುತ್ತಾ ಇಳಿಯುತ್ತಾ ತಳಕ್ಕೆ ಮುಟ್ಟುತ್ತದೆ. ರೋಗ ಇದ್ದರೆ ಕೊನೆಯಲ್ಲಿ ಬಾಲ ಮೇಲಕ್ಕೆ ಎತ್ತಿರುತ್ತದೆ, ಚೇಳಿನ ಹಾಗೆ. ಬಾಲ ಎತ್ತಿದ ಸ್ಪೆಕ್ಟ್ರಮ್‌ನಿಂದ ತೆಗೆದ ಯಾವ ಎಕ್ಸ್‌ಪೋನೆಂಟನ್ನೂ ನಾನು ನಂಬಲ್ಲ.

1971ರಲ್ಲಿ ಸ್ಟೀವನ್ ಓರ್ಸಾಗ್ ತೋರಿಸಿದ ಮೂರನೇ ಎರಡು ಭಾಗದ ನಿಯಮ ಇದಕ್ಕೆ ಮದ್ದು. 42ರ ಮೇಲಿನ ಅಲೆಗಳನ್ನು ಸೊನ್ನೆ ಮಾಡಿ. ಆಗ 42 ಮತ್ತು 42 ಸೇರಿ 84 ಆಗಿ, ಮಡಚಿ 44ಕ್ಕೆ ಬೀಳುತ್ತದೆ. ಅದು ಹೇಗೂ ಎಸೆಯುವ ಜಾಗ. ಇದು ವರ್ಗದ ಪದಕ್ಕೆ. ಶ್ರೋಡಿಂಗರ್‌ನಂಥ ಘನ ಪದ ಇದ್ದರೆ ಅರ್ಧಕ್ಕಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ಬಾಲ ಬಹಳ ಎತ್ತರ ಇದ್ದರೆ ಮದ್ದಿಗಿಂತ ಬಿಂದುಗಳನ್ನು ಹೆಚ್ಚಿಸೋದೇ ಮೇಲು.

ಎಲ್ಲ ಸರಿ ಇದೆ, ಆದರೂ ಸುಳ್ಳು

ಈಗ ಶ್ರೋಡಿಂಗರ್ ಕಥೆ. ನಾನೇ ಇದರಲ್ಲಿ ಒಂದು ವಾರ ಸಿಕ್ಕಿಬಿದ್ದಿದ್ದೆ, ಹುಡುಗರ ಮೇಲೆ ಹಾಕಲ್ಲ.

ಅಲೆಯ ಎತ್ತರ 0.5, ಅದರ ಮೇಲೆ ಹತ್ತರಲ್ಲಿ ಒಂದು ಪಾಲಿನ ಸಣ್ಣ ಕೊಸೈನ್ ಏರಿಳಿತ. ಉದ್ದ ಎರಡು ರೂಟ್ ಎರಡು ಪೈ, ಅಂದರೆ 8.89. ಮೇಲೆ ಕೆಎಸ್‌ನಲ್ಲೂ 8.89 ಬಂದಿತ್ತು, ಗಮನಿಸಿದಿರಾ? ಎರಡೂ ಕಡೆ ಅಲೆಸಂಖ್ಯೆ ರೂಟ್ ಎರಡರಲ್ಲಿ ಒಂದು. ಅದರಲ್ಲೇನೂ ಗುಟ್ಟಿಲ್ಲ, ಸುಮ್ನೆ ಹೇಳಿದೆ. ಘನ ಪದದ ಗುಣಕ 2. ಈ ಉದ್ದದಲ್ಲಿ ಒಂದೇ ಒಂದು ಏರಿಳಿತ ಅಸ್ಥಿರ. ಅದು ಬೆಳೆದು ಗುಡ್ಡ ಆಗುತ್ತದೆ, ಮತ್ತೆ ಕರಗಿ ಸಮತಟ್ಟಿಗೆ ಹತ್ತಿರ ಬರುತ್ತದೆ, ಮತ್ತೆ ಗುಡ್ಡ. ಹೀಗೆ ಉಸಿರಾಡಿದ ಹಾಗೆ ನಡೆಯಬೇಕು.

ನನ್ನ ಕೋಡ್‌ನಲ್ಲಿ ಬಿಂದುಗಳು ಕಡಿಮೆ ಇದ್ದವು. ಗುಡ್ಡ ಒಮ್ಮೆ ನಡುವೆ ಎದ್ದಿತು, ಇನ್ನೊಮ್ಮೆ ಅಂಚಿನಲ್ಲಿ. ಮತ್ತೆ ಅಂಚು, ಆಮೇಲೆ ನಡು, ನಡು, ಅಂಚು. ನಾಣ್ಯ ಚಿಮ್ಮಿದ ಹಾಗೆ. ಹಾರಿಹೋಗಲಿಲ್ಲ. ಹಲ್ಲು ಇಲ್ಲ. ಟೈಮ್ ಸ್ಟೆಪ್ ಹತ್ತು ಪಟ್ಟು ಇಳಿಸಿದೆ, ಗೊಂದಲ ಹಾಗೇ ಇತ್ತು. ಒಟ್ಟು ನಾರ್ಮ್ (ಅಲೆಯ ವರ್ಗದ ಮೊತ್ತ) ಹತ್ತು ಅಂಕಿವರೆಗೆ ಅಲ್ಲಾಡಲಿಲ್ಲ, ಹ್ಯಾಮಿಲ್ಟೋನಿಯನ್ (ಒಟ್ಟು ಶಕ್ತಿ) ಕೂಡ. ಇಷ್ಟೆಲ್ಲ ಉಳಿದ ಮೇಲೆ ಕೋಡ್ ಸರಿ ಅಂತ ಯಾರಾದರೂ ನಂಬುತ್ತಾರೆ. ನಾನೂ ನಂಬಿದೆ.

ಈ ಬಲೆಯನ್ನು ಹರ್ಬ್ಸ್ಟ್ ಮತ್ತು ಅಬ್ಲೊವಿಟ್ಜ್ 1989ರಲ್ಲೇ ತೋರಿಸಿದ್ದರು. ಕಾರಣ ಹೀಗೆ. ಕೋಟೆಯ ಗೋಡೆಯ ತುದಿಯ ಮೇಲೆ ಗೋಲಿ ಉರುಳಿಸಿದಿರಿ ಅಂದುಕೊಳ್ಳಿ. ಒಂದು ಪಕ್ಕ ಬಿದ್ದರೆ ಗುಡ್ಡ ನಡುವೆ, ಇನ್ನೊಂದು ಪಕ್ಕ ಬಿದ್ದರೆ ಗುಡ್ಡ ಅಂಚಿಗೆ. ನಿಜವಾದ ಸಮೀಕರಣದಲ್ಲಿ ಗೋಲಿ ಪ್ರತಿ ಸುತ್ತಿನಲ್ಲೂ ತುದಿಯ ಹತ್ತಿರ ಬರುತ್ತದೆ, ಆದರೆ ತನ್ನ ಪಕ್ಕ ಬಿಟ್ಟು ದಾಟಲ್ಲ. ಅದನ್ನು ಹಿಡಿದಿಟ್ಟಿರೋದು ಸಮೀಕರಣದೊಳಗೆ ಉಳಿಯುವ ಲೆಕ್ಕವಿಲ್ಲದಷ್ಟು ರಾಶಿಗಳು. ಸಾಧಾರಣ ಗ್ರಿಡ್ ವಿಧಾನ ಅವುಗಳಲ್ಲಿ ನಾರ್ಮ್, ಹ್ಯಾಮಿಲ್ಟೋನಿಯನ್ ಎರಡನ್ನು ಉಳಿಸಿಕೊಂಡು ಮಿಕ್ಕದ್ದನ್ನು ಕೈಬಿಡುತ್ತದೆ. ಹಿಡಿತ ತಪ್ಪಿದ ಗೋಲಿ ತುದಿಗೆ ಬಂದಾಗಲೆಲ್ಲ ಅತ್ತಲೋ ಇತ್ತಲೋ ಬೀಳುತ್ತದೆ. ನಾನು ನೋಡಿದ್ದ ಎರಡೇ ರಾಶಿಗಳು ಸರಿ ಇದ್ದವು. ನೋಡದೆ ಬಿಟ್ಟವು ಸೋರಿಹೋಗಿದ್ದವು.

ಪರೀಕ್ಷೆ: ಇಲ್ಲಿ ಟೈಮ್ ಸ್ಟೆಪ್ ಇಳಿಸಿ ಪ್ರಯೋಜನ ಇಲ್ಲ, ಬಿಂದುಗಳನ್ನು ಹೆಚ್ಚಿಸಿ. ಗೊಂದಲ ತೆಳುವಾಗುತ್ತಾ ಹೋಗುತ್ತದೆ. ಇನ್ನೊಂದು ದಾರಿ ಅಬ್ಲೊವಿಟ್ಜ್–ಲಾಡಿಕ್ ವಿಧಾನ. ಘನ ಪದದಲ್ಲಿ ಯು ವರ್ಗವನ್ನು ಅದೇ ಬಿಂದುವಿನ ಯುನಿಂದ ಗುಣಿಸುವ ಬದಲು ಎಡ ಬಲದ ಎರಡು ಬಿಂದುಗಳ ಸರಾಸರಿಯಿಂದ ಗುಣಿಸಿ. ಒಂದೇ ಸಾಲು ಬದಲಾಯಿತು. ಈ ಗ್ರಿಡ್ ರೂಪಕ್ಕೆ ತನ್ನದೇ ಶಿಸ್ತು ಪೂರ್ತಿ ಇದೆ. ಅದೇ ಬಿಂದುಗಳಲ್ಲಿ ಅದೇ ಗುಡ್ಡ ಒಂದೇ ಜಾಗದಲ್ಲಿ ಉಸಿರಾಡತೊಡಗಿತು. ಆ ರಾತ್ರಿ ಊಟ ತಣ್ಣಗಾಗಿತ್ತು, ರೊಟ್ಟಿ ಹಪ್ಪಳ ಆಗಿತ್ತು, ಆದರೂ ರುಚಿ ಅನಿಸಿತು.

ತುದಿಗೆ ತೀರಾ ಹತ್ತಿರ ಹೊರಟರೆ ರೌಂಡ್-ಆಫ್ ತಪ್ಪು (ಕೊನೆಯ ಅಂಕಿ ಕತ್ತರಿಸಿದ್ದರಿಂದ ಬರುವ ತಪ್ಪು) ಕೂಡ ಗೋಲಿಯನ್ನು ದಾಟಿಸಬಲ್ಲದು. ಅಂಥಲ್ಲಿ ಯಾವ ವಿಧಾನಕ್ಕೂ ಅತಿಯಾಗಿ ಜಂಬ ಬೇಡ.

ಸುಳ್ಳು ಶಾಂತಿ

ಇದನ್ನು ಯಾರೂ ದೂರು ಅಂತ ತರಲ್ಲ, ಯಾಕೆಂದರೆ ಚಿತ್ರ ಚೆನ್ನಾಗಿ ಕಾಣುತ್ತದೆ. ಕೆಎಸ್ ಓಡಿಸಿದ್ದಾರೆ, ಅಲೆಗಳು ಬಂದು ನಿಂತಿವೆ ಅಥವಾ ಪೂರ್ತಿ ಮಲಗಿಬಿಟ್ಟಿವೆ.

ಪೂರ್ತಿ ಮಲಗಿದ್ದರೆ ಎಫ್‌ಎಫ್‌ಟಿ (ಚಿತ್ರವನ್ನು ಅಲೆಗಳಾಗಿ ಬಿಡಿಸುವ ಲೆಕ್ಕ) ಸಾಲು ನೋಡಿ. ಅಲೆಸಂಖ್ಯೆಗೆ ಎರಡು ಪೈ ಭಾಗಿಸು ಉದ್ದ ಅನ್ನೋ ಗುಣಕ ಹಾಕಿರಲ್ಲ. ಆಗ ನೀವು 22 ಅಂತ ಬರೆದರೂ ಕೋಡ್ ಓಡಿಸೋದು ಉದ್ದ 6.28ರ ಡಬ್ಬಿಯಲ್ಲಿ. ಅಷ್ಟು ಚಿಕ್ಕದರಲ್ಲಿ ಮೊದಲನೇ ಅಲೆ ಬೆಳೆಯಲ್ಲ, ಮಿಕ್ಕವು ಸಾಯುತ್ತವೆ. ಉದ್ದ 22ರಲ್ಲಿ ಮೂರು ಅಲೆಗಳು ತಾವಾಗಿ ಬೆಳೆಯಬೇಕು. ಶುರುವಿನಲ್ಲಿ ಹತ್ತು ಲಕ್ಷದಲ್ಲಿ ಒಂದರಷ್ಟು ಸಣ್ಣ ಏರಿಳಿತ ಕೊಟ್ಟು ಆ ಮೂರೂ ಬೆಳೆಯುತ್ತವಾ ಅಂತ ನೋಡಿ. ಐದು ನಿಮಿಷದ ಕೆಲಸ, ಅರ್ಧ ದೋಷ ಇಲ್ಲೇ ಸಿಗುತ್ತದೆ.

ಕುಣಿಯಬೇಕಾದ ಅಲೆ ನಿಂತುಬಿಟ್ಟಿದ್ದರೆ ವಿಧಾನವೇ ಅದನ್ನು ಒತ್ತಿ ಹಿಡಿದಿದೆ. ಮೊದಲ ದರ್ಜೆಯ ಅಪ್‌ವಿಂಡ್ ವಿಧಾನ ವೇಗ ಗುಣಿಸು ಗ್ರಿಡ್ ಅಂತರದ ಅರ್ಧದಷ್ಟು ಅಂಟುತನವನ್ನು ಕೇಳದೆ ಸೇರಿಸುತ್ತದೆ. ಉದ್ದ 22ರಲ್ಲಿ ಯು (ಇಲ್ಲಿ ವೇಗವೂ ಅದೇ) 3ರ ತನಕ ಹೋಗುತ್ತದೆ. 32 ಬಿಂದುಗಳಾದರೆ ಅಂತರ 0.69. ಗುಣಿಸಿ ಅರ್ಧ ಮಾಡಿದರೆ 1ರ ಮೇಲೆ. ಕೆಎಸ್‌ನಲ್ಲಿ ಅಲೆ ಉಬ್ಬಿಸುವ ಪದದ ಬಲವೇ 1! ಅಲೆ ಎತ್ತರ ಇರುವ ಕಡೆ ವಿಧಾನ ಅದನ್ನು ಪೂರ್ತಿ ನುಂಗಿತು. 64 ಬಿಂದು ಇಟ್ಟರೂ ಅರ್ಧ ಹೋಯಿತು. ಅಲೆಗಳಾಗಿ ಬಿಡಿಸಿ ಡೆರಿವೇಟಿವ್ ತೆಗೆಯುವ ಸ್ಪೆಕ್ಟ್ರಲ್ ವಿಧಾನಕ್ಕೆ ಬನ್ನಿ. ನಾಲ್ಕನೇ ಡೆರಿವೇಟಿವ್ ಅನ್ನು ಆಯ್ಲರ್‌ನಲ್ಲಿ ಬಿಡಿಸಿದರೆ ಈ 64 ಬಿಂದುಗಳಿಗೇ ಸ್ಟೆಪ್ 0.00028 ಮೀರುವಂತಿಲ್ಲ. ಕಾಸಮ್ ಮತ್ತು ಟ್ರೆಫೆಥೆನ್ 2005ರಲ್ಲಿ ಸರಿಪಡಿಸಿ ಕೊಟ್ಟ ಎಕ್ಸ್‌ಪೊನೆನ್ಶಿಯಲ್ ರುಂಗೆ–ಕುಟ್ಟಾದಲ್ಲಿ ಅವರೇ 0.25 ಸ್ಟೆಪ್‌ನಲ್ಲಿ ಕೆಎಸ್ ಓಡಿಸಿ ತೋರಿಸಿದ್ದಾರೆ.

ಇನ್ನೊಂದು ಚಿಕ್ಕ ಹುಳ. ಬಿಂದುಗಳನ್ನು ಸಮ ಅಂತರದಲ್ಲಿ ಹಂಚುವ ಲೈನ್‌ಸ್ಪೇಸ್ ಆಜ್ಞೆ ಎರಡೂ ತುದಿ ಸೇರಿಸಿ ಬಿಂದು ಕೊಡುತ್ತದೆ. ಅಪ್ಪನ ಕೆರೆ ಸುತ್ತ ವಾಕಿಂಗ್ ಹೋದವರು ಹೊರಟ ಗೇಟಿಗೇ ವಾಪಸ್ ಬರುತ್ತಾರಲ್ಲ, ಆ ಗೇಟನ್ನು ಎರಡು ಸಲ ಎಣಿಸಬಾರದು. ಸುತ್ತಿ ಬರುವ ಗಡಿ ಇದ್ದಲ್ಲಿ ಕೊನೆಯ ಬಿಂದು ಬಿಡಿ.

ಮತ್ತೆ ಶುರುವಿನ ಅಲೆ ಬರೀ ಸೈನ್ ಆಗಿದ್ದರೆ ಹುಷಾರ್. ಅದರ ಎಡ–ಬಲ ಸಮತೆಯನ್ನು ಸಮೀಕರಣ ಕಾಪಾಡುತ್ತದೆ, ರೌಂಡ್-ಆಫ್ ಕಾಪಾಡಲ್ಲ. ಬಹಳ ಹೊತ್ತು ಚೆಂದ ಇದ್ದ ಚಿತ್ರ ಒಮ್ಮೆಗೇ ಕೆಡುತ್ತದೆ. ಹುಡುಗರು ಅದಕ್ಕೆ ಹೊಸ ಹೆಸರಿಟ್ಟು ತರುತ್ತಾರೆ.

ಕೊನೆಗೆ ಕೇಯಾಸ್ ಅನ್ನಬೇಕಾದರೆ

ಇಷ್ಟೆಲ್ಲ ದಾಟಿ ಬಂದರೆ ಅಳೆಯಿರಿ. ಮೊದಲ ಕೆಲವು ನೂರು ಸಮಯ ಬಿಟ್ಟುಬಿಡಿ. ಆಮೇಲೆ ಎರಡು ಪ್ರತಿ ಮಾಡಿ, ಒಂದಕ್ಕೆ ಕೋಟಿಯಲ್ಲಿ ಒಂದರಷ್ಟು ವ್ಯತ್ಯಾಸ ಸೇರಿಸಿ, ಎರಡನ್ನೂ ಓಡಿಸಿ. ವ್ಯತ್ಯಾಸವನ್ನು ಆಗಾಗ ಮೊದಲಿನ ಗಾತ್ರಕ್ಕೆ ಕುಗ್ಗಿಸುತ್ತಾ, ಎಷ್ಟು ಪಟ್ಟು ಬೆಳೆದಿತ್ತು ಅನ್ನೋದರ ಲಾಗ್ ಕೂಡಿಸುತ್ತಾ ಹೋಗಿ. ಒಟ್ಟು ಸಮಯದಿಂದ ಭಾಗಿಸಿದರೆ ದೊಡ್ಡ ಎಕ್ಸ್‌ಪೋನೆಂಟ್. ಉದ್ದ 22ಕ್ಕೆ 0.048ರ ಹತ್ತಿರ ಬರಬೇಕು. 64 ಬಿಂದುವಿಗೂ 128ಕ್ಕೂ, ಸ್ಟೆಪ್ ಅರ್ಧ ಮಾಡಿದರೂ ಅದೇ ಬರಬೇಕು.

ಅಲೆಗಳ ದಾರಿ ಒಂದೇ ಆಗಿರಲಿ ಅಂತ ಕೇಳಬೇಡಿ, ನಿಜವಾದ ಕೇಯಾಸ್‌ನಲ್ಲಿ ಅದು ಆಗದ ಮಾತು. ಯು ವರ್ಗದ ಸರಾಸರಿ, ಸ್ಪೆಕ್ಟ್ರಮ್‌ನ ಆಕಾರ, ಎಕ್ಸ್‌ಪೋನೆಂಟ್, ಇವು ಒಂದೇ ಬರಬೇಕು. ಸುಳ್ಳು ಕೇಯಾಸ್‌ನಲ್ಲಿ ಗ್ರಿಡ್ ಸಣ್ಣದಾದಹಾಗೆ ಇವೂ ಜಾರುತ್ತಾ ಹೋಗುತ್ತವೆ.

ಸೇಡಂ ಹುಡುಗಿ ಮೂರನೇ ದಿನ ಮತ್ತೆ ಬಂದಳು. ಫೈಲ್ ಬೈನರಿ ಮಾಡಿದ್ದಳು, ಥ್ರೆಡ್ ಒಂದೇ ಇಟ್ಟಿದ್ದಳು. ನಮ್ಮನೆಯಲ್ಲೇ ಒಮ್ಮೆ ನಿಲ್ಲಿಸದೆ 1500ರ ತನಕ ಓಡಿಸಿಟ್ಟುಕೊಂಡು ಎರಡನೇ ಸಲ ಶುರು ಮಾಡಿದಳು. 1200 ದಾಟಿರಬೇಕು, ಕರೆಂಟ್ ಹೋಯ್ತು. ಲ್ಯಾಪ್‌ಟಾಪ್ ಎರಡು ನಿಮಿಷ ಉಸಿರು ಹಿಡಿದು ಆಫ್ ಆಯಿತು. ಎಲ್ಲರೂ ಕತ್ತಲಲ್ಲಿ ಕೂತು ಶೇಂಗಾ ತಿಂದೆವು. ಮುಕ್ಕಾಲು ಗಂಟೆ ಆದ ಮೇಲೆ ಫ್ಯಾನ್ ತಿರುಗಿತು. 1200ರ ಫೈಲ್‌ನಿಂದ ಎತ್ತಿಕೊಂಡು 1500ಕ್ಕೆ ಮುಟ್ಟಿಸಿ, ಎರಡು ಓಟಗಳ ಅತಿ ದೊಡ್ಡ ವ್ಯತ್ಯಾಸ ಪ್ರಿಂಟ್ ಮಾಡಿಸಿದಳು. ಪರದೆ ಮೇಲೆ ಬಂತು: 0.0.

"ಸರ, ಇನ್ನೊಮ್ಮೆ ಪ್ಲಗ್ ಕೀಳ್ಲೇನ್ರೀ?" ಅಂದಳು.